ಬಿದ್ದದ್ದು ಎಲ್ಲಿ? ಮೊದಲ ದಿನವೇ ಬರೆಸಿ

ಕಟ್ಟಡಕ್ಕೆ ಸಾರಣೆ ಮಾಡುವಾಗ ನಿಂತ ಹಲಗೆ ಜಾರಿ ಒಬ್ಬರು ಬಿದ್ದರೆನ್ನಿ. ಕಂಟ್ರಾಕ್ಟರರೇ ಆಸ್ಪತ್ರೆಗೆ ಸೇರಿಸುತ್ತಾರೆ, ಬಿಲ್ಲೂ ಕಟ್ಟುತ್ತಾರೆ. ಉಪಕಾರವೇ ಸರಿ. ಆದರೆ ಡಾಕ್ಟರು “ಹೇಗಾಯಿತು?” ಎಂದು ಕೇಳುವಾಗ “ಬಚ್ಚಲಲ್ಲಿ ಜಾರಿದೆ ಅನ್ನು, ಪೊಲೀಸು ಗಲಾಟೆ ಬೇಡ” ಎಂದು ಯಾರೋ ಪಿಸುಗುಟ್ಟುತ್ತಾರೆ. ನೋವಿನಲ್ಲಿದ್ದವರು ಹೂಂ ಅನ್ನುತ್ತಾರೆ. ಮುಂದೆ ಪರಿಹಾರದ ಕೇಸಿನಲ್ಲಿ ಎದುರು ವಕೀಲರು ಮೊದಲು ತೋರಿಸುವುದು ಇದೇ ಕೇಸ್ ಶೀಟನ್ನು.

1923ರ ನಷ್ಟಪರಿಹಾರ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮೂಲ ಪ್ರಶ್ನೆ ಒಂದೇ: ಗಾಯ ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಆಯಿತೇ? ಅದನ್ನು ತೋರಿಸುವ ಹೊಣೆ ಕೆಲಸಗಾರರದು. (ಇಎಸ್‌ಐ ಇದ್ದವರ ದಾರಿ ಬೇರೆ.) “ಇವರು ನಮ್ಮ ಕೆಲಸದವರೇ ಅಲ್ಲ” ಎಂದು ಮಾಲೀಕರು ಹೇಳಿದರೆ, ಹಾಜರಿ ಪುಸ್ತಕ ತರಿಸಿ ಎಂದು ಅಧಿಕಾರಿಗೆ ಅರ್ಜಿ ಕೊಡಬಹುದು.

ಇನ್ನು ಸಾಕ್ಷಿ. ಜೊತೆಗೆ ದುಡಿದವರಿಗೆ ನಾಳೆಯೂ ಅದೇ ಕಂಟ್ರಾಕ್ಟರರ ಹತ್ತಿರ ಕೂಲಿ ಬೇಕು. ಹಿಂಜರಿದರೆ ಬೈಯಬೇಡಿ, ಕೂತು ಮಾತಾಡಿ. ಅಫಿಡವಿಟ್ಟಿಗೆ ಸಹಿ ಹಾಕಿದರೆ ಸಾಲದು, ಪಾಟಿ ಸವಾಲಿಗೂ ಬರಬೇಕು. “ನೀನು ಅವನ ಭಾವ ಅಲ್ವಾ?” ಎಂದರೆ “ಹೌದು, ಅದೇ ಹಲಗೆ ಮೇಲೆ ನಾನೂ ಇದ್ದೆ” ಎಂದು ಧೈರ್ಯವಾಗಿ ಹೇಳಲಿ. ಸಂಬಂಧ ಮುಚ್ಚಿಟ್ಟರೆ ನಿಜವೂ ಸುಳ್ಳಾಗಿ ಕಾಣುತ್ತದೆ. ನೋಡದವರನ್ನು ಮಾತ್ರ ನಿಲ್ಲಿಸಬೇಡಿ; ದೇವರ ಎಂಟನೆಯ ಆಜ್ಞೆ ನಮ್ಮ ಪರವಾದ ಸುಳ್ಳಿಗೂ ಅನ್ವಯಿಸುತ್ತದೆ.

ತಪ್ಪಾಗಿ ಬರೆಸಿಯಾಗಿದ್ದರೆ ತಡಮಾಡದೆ ನಡೆದದ್ದನ್ನು ಪೊಲೀಸರಿಗೂ ಮಾಲೀಕರಿಗೂ ಬರವಣಿಗೆಯಲ್ಲಿ ತಿಳಿಸಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಪರಿಹಾರದ ಅರ್ಜಿಗೆ ಅಪಘಾತದಿಂದ 2 ವರ್ಷ ಗಡುವು.