ಹಂಚಿನ ಬೆನ್ನಿನ ಬರಹ

ಚರಿತ್ರೆಯ ವಿದ್ಯಾರ್ಥಿಗೆ ಶಿಲಾಶಾಸನ, ತಾಮ್ರಪಟ, ನಾಣ್ಯಗಳೇ ಆಧಾರಗಳೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ನನಗಾದರೋ ತಲೆಯ ಮೇಲಿನ ಹಂಚೂ ಒಂದು ಶಾಸನವೇ. ಮಂಗಳೂರಿನ ಯಾವುದೇ ಹಳೆಯ ಮನೆಯ ಚಾವಡಿಯಲ್ಲಿ ಮಲಗಿ ಮೇಲೆ ನೋಡಿದರೆ, ಪಕ್ಕಾಸು ರೀಪುಗಳ ನಡುವೆ ಹಂಚಿನ ಅಡಿಭಾಗದಲ್ಲಿ ಅಕ್ಷರಗಳು ಕಾಣುತ್ತವೆ. ಅವುಗಳಿಂದ ಹಂಚು ಮಾಡಿದವರನ್ನೂ ಅದರ ಕಾಲವನ್ನೂ ಗುರುತಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಇಂತಹ ಶೋಧನೆಯ ಕ್ರಮವನ್ನು ಸ್ವಿಸ್ ಸಂಗೀತ ಪೆಟ್ಟಿಗೆಗಳನ್ನು ಅಭ್ಯಸಿಸುವವರಿಂದ ನಾವು ಕಲಿಯಬಹುದು. 1796ರಲ್ಲಿ ಜಿನೀವಾದ ಆಂತ್ವಾನ್ ಫಾವ್ರ್ ಎಂಬಾತನು ಗಂಟೆಗಳಿಗೆ ಬದಲಾಗಿ ಉಕ್ಕಿನ ಹಲ್ಲುಗಳನ್ನು ಮೀಟಿ ನಾದ ಹೊರಡಿಸುವ ಉಪಾಯವನ್ನು ಕಂಡುಹಿಡಿದನು. ಸಣ್ಣ ಮೊಳೆಗಳನ್ನು ನೆಟ್ಟ ಉರುಳೆಯೊಂದು ತಿರುಗಿದಂತೆ, ಬಾಚಣಿಗೆಯಂತಹ ಉಕ್ಕಿನ ಪಟ್ಟಿಯ ಹಲ್ಲುಗಳು ಮಿಡಿಯುತ್ತವೆ. ಜಿನೀವಾದಲ್ಲಿಯೂ ಜೂರಾ ಬೆಟ್ಟಸೀಮೆಯ ಸೇಂಟ್ ಕ್ರವಾದಲ್ಲಿಯೂ ಇದು ದೊಡ್ಡ ಕಸುಬಾಯಿತು. ಈ ಪೆಟ್ಟಿಗೆಗಳ ಮುಚ್ಚಳದೊಳಗೆ ಹಾಡುಗಳ ಪಟ್ಟಿಯ ಕಾಗದವನ್ನು ಅಂಟಿಸಿರುತ್ತಾರೆ. ಅದರ ಮೇಲೆ ಹೆಸರೂ ಇರುವುದುಂಟು. ಆದರೆ ಅನೇಕ ವೇಳೆ ಅದು ಮಾರಿದ ವ್ಯಾಪಾರಿಯ ಹೆಸರು, ಮಾಡಿದವನದಲ್ಲ. ಆದುದರಿಂದ ಬಲ್ಲವರು ಹೆಸರನ್ನು ಓದಿ ತೃಪ್ತರಾಗದೆ, ಲೋಹದ ಮೇಲೆ ಒತ್ತಿದ ಅಂಕೆ, ಹಲ್ಲುಗಳ ಜೋಡಣೆ, ಕಾಗದದ ಅಂಚಿನ ಚಿತ್ರ ಇವೆಲ್ಲವನ್ನೂ ಕೂಡಿಸಿ ನೋಡಿ ನಿರ್ಣಯಿಸುತ್ತಾರೆ.

ನಮ್ಮ ಹಂಚಿಗೂ ಆ ದೇಶಕ್ಕೂ ನಂಟುಂಟು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಮತಾಂತರದಿಂದ ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಒದಗಿಸುವುದು ಅದಕ್ಕೆ ಅನಿವಾರ್ಯವಾಯಿತು. ಅಚ್ಚುಕೂಟ, ನೇಯ್ಗೆ ಇವು ನಿಂತವು; ಗಡಿಯಾರದ ಕೆಲಸವನ್ನು ಕಲಿಸುವ ಪ್ರಯತ್ನವೂ ನಡೆಯಿತು, ಆದರೆ ಅದು ಬೇರೂರಲಿಲ್ಲ. (ಬೇರೂರಿದ್ದರೆ ಮಂಗಳೂರಿನ ಸಂಗೀತ ಪೆಟ್ಟಿಗೆಯನ್ನೂ ನಾವು ಕೇಳುತ್ತಿದ್ದೆವೋ ಏನೋ!) ಕೊನೆಗೆ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿಯ ಆವೆಮಣ್ಣು ಅದಕ್ಕೆ ಒದಗಿತು. ಒಂದರೊಳಗೊಂದು ಕಚ್ಚಿಕೊಳ್ಳುವ ಹಂಚಿನ ಮಾದರಿ ಮಾತ್ರ ಇಲ್ಲಿಯದಲ್ಲ. ಅದನ್ನು 1841ರಲ್ಲಿ ಆಲ್ಸೇಸಿನ ಗಿಲಾರ್ದೋನಿ ಸಹೋದರರು ಸಿದ್ಧಪಡಿಸಿದ್ದರು.

ಸಂಗೀತ ಪೆಟ್ಟಿಗೆಯ ಕಾಗದವನ್ನು ಯಾರೂ ಮತ್ತೆ ಅಂಟಿಸಬಹುದು. ಹಂಚಿನ ಹೆಸರಾದರೋ ಹಸಿಮಣ್ಣು ಅಚ್ಚಿನಲ್ಲಿರುವಾಗಲೇ ಮೂಡಿ, ಆವಿಗೆಯಲ್ಲಿ ಬೆಂದು ಗಟ್ಟಿಯಾಗುತ್ತದೆ. ಅದನ್ನು ಆಮೇಲೆ ಬದಲಿಸುವಂತಿಲ್ಲ. ಇಷ್ಟು ಒಳ್ಳೆಯ ಸಾಕ್ಷಿಯನ್ನೂ ನಾವು ತಪ್ಪಾಗಿ ಓದುತ್ತೇವೆ. ಬಾಸೆಲ್ ಮಿಶನಿನ ಹಂಚಿನ ಮೇಲೆ ‘1865’ ಎಂದಿರುವುದನ್ನು ಕಂಡು, ತಮ್ಮ ಮನೆಯನ್ನು ಆ ವರ್ಷ ಕಟ್ಟಿದರೆಂದು ಹೆಮ್ಮೆಪಡುವ ಅನೇಕರನ್ನು ನಾನು ಬಲ್ಲೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷವಲ್ಲ. ಆಲ್ಬುಕರ್ಕ್ ಕಾರ್ಖಾನೆಯ ‘1868’ ಎಂಬುದೂ ಹಾಗೆಯೇ.

ಹಾಗಾದರೆ ಕಾಲವನ್ನು ತಿಳಿಯುವುದೆಂತು? ಒಡೆತನದ ಬದಲಾವಣೆಯಿಂದ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳು ಮಿಶನಿನ ಕೈತಪ್ಪಿ, 1919ರ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಆಡಳಿತಕ್ಕೆ ಬಂದವು. ಮಿಶನಿನ ಹೆಸರುಳ್ಳದ್ದು ಸಾಮಾನ್ಯವಾಗಿ ಅದಕ್ಕೆ ಹಿಂದಿನದು, ಟ್ರಸ್ಟಿನ ಹೆಸರುಳ್ಳದ್ದು ಈಚಿನದು. ಊರಿನ ಹೆಸರನ್ನೂ ನೋಡಬೇಕು. ಮಲಬಾರಿನ ಫರೋಕಿನಲ್ಲಿಯೂ ಮಿಶನಿಗೆ ಹಂಚಿನ ಕಾರ್ಖಾನೆಯಿತ್ತು.

ಇನ್ನೊಂದು ತೊಡಕಿದೆ. ನಮ್ಮ ಮಳೆಗೆ, ತೆಂಗಿನಕಾಯಿಗೆ, ಮಂಗಗಳಿಗೆ ಹಂಚು ಒಡೆಯದೆ ಉಳಿಯುವುದುಂಟೆ? ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದುದನ್ನು ತೆಗೆದು ಬೇರೆ ಹಾಕುತ್ತಾರೆ. ನಾನು ಕಂಡ ಒಂದು ಮನೆಯ ಮಾಡಿನಲ್ಲಿ ನಾಲ್ಕು ಕಾರ್ಖಾನೆಗಳ ಹೆಸರುಗಳಿದ್ದವು. ತೆಂಗಿನ ಮರದ ಬದಿಯಲ್ಲಿ ಬಗೆಬಗೆಯ ಹಂಚುಗಳು ಬೆರೆತಿದ್ದವು. ಅಡಿಗೆಮನೆಯ ಮೇಲೆ ಮಾತ್ರ ಹೊಗೆ ಹಿಡಿದು ಕರಿಯಾದ ಒಂದೇ ಹೆಸರಿನ ಹಂಚುಗಳು ಸಾಲಾಗಿದ್ದವು. ಮೊದಲಿನವು ಅವೇ ಎಂದು ನಾನು ನಿರ್ಣಯಿಸಿದೆ. ಹಂಚು ಎಲ್ಲಿ ಕುಳಿತಿತ್ತೆಂಬುದೂ ಅದರ ಬರಹದಷ್ಟೇ ಮುಖ್ಯ. ಕೆಳಗಿಳಿಸಿ ರಾಶಿ ಹಾಕಿದ ಮೇಲೆ ಈ ಅರ್ಧ ಸಾಕ್ಷ್ಯ ಹೋಯಿತು.

ಮಣ್ಣು ತುಳಿದವರು, ಹಸಿಹಂಚನ್ನು ಹೊತ್ತು ಒಣಗಿಸಿದ ಹೆಂಗಸರು, ಆವಿಗೆಗೆ ಬೆಂಕಿಯಿಟ್ಟವರು ಯಾರೆಂದು ಈ ಬರಹ ಹೇಳುವುದಿಲ್ಲ. ಸಂಗೀತ ಪೆಟ್ಟಿಗೆಯ ಉರುಳೆಗೆ ಮೊಳೆ ನೆಟ್ಟವರ ಹೆಸರೂ ಅಲ್ಲಿಲ್ಲ. ಈ ಹೆಸರುಗಳನ್ನು ಮನೆಯ ಹಿರಿಯರನ್ನೇ ಕೇಳಿ ತಿಳಿಯಬೇಕಷ್ಟೆ. ಅಜ್ಜಿ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರೆಂದು ಹೇಳುವವರು ಜೆಪ್ಪು, ಉಳ್ಳಾಲದ ಕಡೆ ಈಗಲೂ ಇದ್ದಾರೆ.

ಹಳೆಯ ಮನೆಗಳನ್ನು ಕೆಡವಿ ಕಾಂಕ್ರೀಟಿನ ಕಟ್ಟಡ ಎಬ್ಬಿಸುವ ಕೆಲಸ ನಗರದಲ್ಲಿ ಎಡೆಬಿಡದೆ ನಡೆದಿದೆ. ವಿದ್ಯಾರ್ಥಿಮಿತ್ರರು ತಮ್ಮ ನೆರೆಯಲ್ಲಿ ಮಾಡು ಬಿಚ್ಚುವ ಸುದ್ದಿ ತಿಳಿದೊಡನೆ, ಒಂದು ನೋಟುಪುಸ್ತಕದೊಡನೆ ಅಲ್ಲಿಗೆ ಹೋಗಲಿ. ಹಂಚಿನ ಬರಹ, ಅದಿದ್ದ ಬದಿ, ಅದರ ಮೇಲಿನ ಹೊಗೆ ಅಥವಾ ಪಾಚಿ, ಮನೆಯವರು ಹೇಳಿದ ಮಾತು ಇಷ್ಟನ್ನು ಬರೆದಿಡಲು ಅರ್ಧ ದಿನ ಸಾಕು. ಗುಜರಿಯ ಲಾರಿ ಬರುವ ಮುಂಚೆ ಹೋಗಬೇಕು.