ಎಕ್ಸಾಸ್ಟ್ ಮ್ಯಾನಿಫೋಲ್ಡ್: ವಿನ್ಯಾಸವೂ ವೆಚ್ಚದ ಲೆಕ್ಕವೂ

ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆಯು 2013ರಲ್ಲಿ ಆರಂಭವಾದ ನಂತರ ಕೋಲಾರ, ಮಾಲೂರು ಭಾಗದ ಉದ್ಯಮಿಗಳಿಗೆ ವಾಹನ ಬಿಡಿಭಾಗಗಳ ತಯಾರಿಕೆಯು ದೂರದ ಮಾತಾಗಿ ಉಳಿದಿಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಸಣ್ಣ ಘಟಕಗಳೂ ಇತ್ತ ನೋಡುವುದು ಸಹಜ. ಆದರೆ ಎರಕದ ವಸ್ತುವಿಗೆ ಕಿಲೋ ಲೆಕ್ಕದಲ್ಲಿ ದರ ಹೇಳುವ ರೂಢಿಯು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಂತಹ ಭಾಗದಲ್ಲಿ ನಷ್ಟಕ್ಕೆ ಕಾರಣವಾಗಬಲ್ಲದು.

ಕಾರ್ಯ

ಸಿಲಿಂಡರ್‌ಗಳಿಂದ ಹೊರಬರುವ ಉರಿದ ಅನಿಲವನ್ನು ಒಂದೇ ಕೊಳವೆಗೆ ಸೇರಿಸುವುದು ಮ್ಯಾನಿಫೋಲ್ಡ್‌ನ ಕೆಲಸ. ಒಂದೇ ಸಿಲಿಂಡರಿನ ಸ್ಕೂಟರಿಗೆ ಬಾಗಿದ ಕೊಳವೆ ಸಾಕು. ಕಾರು, ಟ್ರ್ಯಾಕ್ಟರ್, ಜನರೇಟರ್‌ಗಳ ಬಹು ಸಿಲಿಂಡರ್ ಎಂಜಿನ್ನುಗಳಿಗೆ ಮ್ಯಾನಿಫೋಲ್ಡ್ ಬೇಕು. ಮಾಲೂರಿನ ಹೆಂಚಿನ ಗೂಡುಗಳನ್ನು ಬಲ್ಲವರಿಗೆ ಇದರ ಮರ್ಮ ಹೊಸದಲ್ಲ. ಹೊಗೆದಾರಿ ಕಟ್ಟಿದರೆ ಗೂಡು ಸರಿಯಾಗಿ ಉರಿಯದು. ಎಂಜಿನ್ನಿನಲ್ಲಿಯೂ ಅನಿಲಕ್ಕೆ ತಡೆಯಾದರೆ ಅದನ್ನು ಹೊರದೂಡಲು ಪಿಸ್ಟನ್ ಶಕ್ತಿ ವ್ಯಯಿಸಬೇಕಾಗುತ್ತದೆ; ಇಂಧನದ ಖರ್ಚು ಏರುತ್ತದೆ.

ವಿನ್ಯಾಸದ ಅಂಶಗಳು

1. ಜೋಡಣೆ: ನಾಲ್ಕು ಸಿಲಿಂಡರ್ ಎಂಜಿನ್ನು ಸಾಮಾನ್ಯವಾಗಿ 1-3-4-2 ಕ್ರಮದಲ್ಲಿ ಉರಿಯುತ್ತದೆ. 1ನೆಯದನ್ನು 4ರೊಂದಿಗೆ, 2ನೆಯದನ್ನು 3ರೊಂದಿಗೆ ಮೊದಲು ಕೂಡಿಸಿದರೆ ಒಂದರ ಒತ್ತಡವು ಮತ್ತೊಂದರ ಅನಿಲವನ್ನು ಹಿಮ್ಮೆಟ್ಟಿಸುವುದು ಕಡಿಮೆಯಾಗುತ್ತದೆ.

2. ಒಳದಾರಿ: ತಿರುವು ಹಠಾತ್ತಾಗಿರಬಾರದು. ಎಂಜಿನ್ನಿನ ಪೋರ್ಟಿಗೂ ಮ್ಯಾನಿಫೋಲ್ಡ್‌ನ ಬಾಯಿಗೂ ನಡುವೆ ಮೆಟ್ಟಿಲು ಉಳಿಯಬಾರದು. ಗ್ಯಾಸ್ಕೆಟ್ ದಾರಿಯೊಳಕ್ಕೆ ಚಾಚಬಾರದು.

3. ಹಿಗ್ಗುವಿಕೆ: 400 ಮಿ.ಮೀ. ಉದ್ದದ ಎರಕದ ಕಬ್ಬಿಣವು 600 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಎರಡೂವರೆ ಮಿ.ಮೀ.ಗಿಂತ ಅಧಿಕ ಹಿಗ್ಗುತ್ತದೆ. ಬೋಲ್ಟಿನ ರಂಧ್ರಗಳಲ್ಲಿ ಅದಕ್ಕೆ ಎಡೆಯಿಲ್ಲದಿದ್ದರೆ ಬಿರುಕು ಖಚಿತ.

4. ಬಿಗಿತ: 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡ ಜಾರಿಯಾದ ಬಳಿಕ ಸಣ್ಣ ಸೋರಿಕೆಯನ್ನೂ ಕಡೆಗಣಿಸುವಂತಿಲ್ಲ. ಆಕ್ಸಿಜನ್ ಸೆನ್ಸರಿಗೆ ಮುಂಚಿನ ಸಂದಿನಲ್ಲಿ ಹೊರಗಿನ ಗಾಳಿ ನುಗ್ಗಿದರೆ ಅದರ ಅಳತೆ ತಪ್ಪುತ್ತದೆ. ಇಂಧನದ ಪ್ರಮಾಣವೂ ಕೆಡುತ್ತದೆ.

ವೆಚ್ಚದ ಲೆಕ್ಕ

ಮ್ಯಾನಿಫೋಲ್ಡ್‌ನ ಟೊಳ್ಳು ಭಾಗವನ್ನು ಮರಳಿನ ಕೋರ್ ರೂಪಿಸುತ್ತದೆ. ಎರಕ ಹೊಯ್ಯುವಾಗ ಕೋರ್ ತುಸು ಸರಿದರೂ ಗೋಡೆ ಒಂದು ಕಡೆ ತೆಳುವಾಗುತ್ತದೆ. ಹೊರನೋಟಕ್ಕೆ ಕಾಣದ ಈ ದೋಷ ಪರೀಕ್ಷೆಯಲ್ಲಿ ಹೊರಬೀಳುತ್ತದೆ, ಸರಕು ಹಿಂದಿರುಗುತ್ತದೆ.

ಒಂದು ಉದಾಹರಣೆ. ತಲಾ 500 ರೂ. ವೆಚ್ಚದಲ್ಲಿ 100 ನಗ ಎರಕವಾಗಿವೆ ಎನ್ನೋಣ. ಒಟ್ಟು ವೆಚ್ಚ 50,000 ರೂ. ಅದರಲ್ಲಿ 12 ತಿರಸ್ಕೃತವಾಗಿ, ಗುಜರಿ ಬೆಲೆಯಾಗಿ ತಲಾ 100 ರೂ.ನಂತೆ 1,200 ರೂ. ಬಂದರೆ, ಉಳಿದ 48,800 ರೂ.ಗಳನ್ನು 88 ನಗಗಳು ಹೊರಬೇಕು. ನಗವೊಂದಕ್ಕೆ ಸುಮಾರು 554.55 ರೂ. ತಗಲುತ್ತದೆ. ಶೇ. 10 ಲಾಭವೆಂದು ಭಾವಿಸಿ 550 ರೂ. ದರ ಒಪ್ಪಿದ ತಯಾರಕನು ಪ್ರತಿ ನಗದಲ್ಲೂ ನಾಲ್ಕೂವರೆ ರೂಪಾಯಿ ಕಳೆದುಕೊಳ್ಳುತ್ತಾನೆ. ಆದೇಶ ಹೆಚ್ಚಿದಷ್ಟೂ ನಷ್ಟ ಬೆಳೆಯುತ್ತದೆ.

ದರ ಹೇಳುವ ಮೊದಲು

ಗೋಡೆಯ ಕನಿಷ್ಠ ದಪ್ಪವೆಷ್ಟು, ಸೋರಿಕೆ ಪರೀಕ್ಷೆಯ ಒತ್ತಡವೆಷ್ಟು, ಪ್ಯಾಟರ್ನ್ ಮತ್ತು ಕೋರ್ ಬಾಕ್ಸಿನ ವೆಚ್ಚ ಯಾರದು ಎಂಬುದನ್ನು ಲಿಖಿತವಾಗಿ ಪಡೆಯತಕ್ಕದ್ದು. ಮೊದಲ ಮಾದರಿಗಳಲ್ಲಿ ಒಂದನ್ನು ಉದ್ದಕ್ಕೆ ಸೀಳಿ ಒಳದಾರಿಯನ್ನು ಪರಿಶೀಲಿಸುವುದು ಒಳಿತು. ಒಂದು ನಗ ಹಾಳಾದರೂ ಸಾವಿರ ನಗಗಳ ದರ ಅದರಿಂದ ನಿರ್ಧಾರವಾಗುತ್ತದೆ.