ಮಗುವಿನ ಮೊದಲ ಬೆರಳಚ್ಚು ಪತ್ರ

ಮಕ್ಕಳಿಗೆ ಗಣಕಯಂತ್ರದಲ್ಲಿ ಕನ್ನಡ ಪತ್ರ ಬರೆಯಲು ಕಲಿಸುವ ಪೋಷಕರು, ಇಂಗ್ಲಿಷ್ ಸ್ಪೆಲಿಂಗಿನ ಮೂಲಕ ಕನ್ನಡ ಮೂಡಿಸುವ ಅಡ್ಡದಾರಿಯನ್ನು ಬಿಟ್ಟು, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಿಂದಲೇ, ಅಂದರೆ ಯಾವ ಕೀಲಿಗೆ ಯಾವ ಅಕ್ಷರವೆಂಬ ಏರ್ಪಾಡಿನಿಂದಲೇ, ಆರಂಭಿಸುವುದು ಲೇಸು. ಇದರಲ್ಲಿ ಒತ್ತಕ್ಷರ ಬೇಕಾದಾಗ ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಬೇಕಾಗುವುದರಿಂದ, ‘ಅಜ್ಜಿ’ ಎಂಬ ಪದವು ಎ, ಜೆ, ಎಫ್, ಜೆ, ಐ ಎಂಬ ಐದು ಕೀಲಿಗಳಲ್ಲಿ ಮುಗಿಯುತ್ತದೆ. ಶಾಲೆಯಲ್ಲಿ ಕಲಿತ ಕಾಗುಣಿತದ ಕ್ರಮವೇ ಇಲ್ಲಿಯೂ ಮುಂದುವರಿಯುತ್ತದೆ. ವೇಗದ ಗೊಡವೆ ಈ ವಯಸ್ಸಿಗೆ ಬೇಡ. ಅಕ್ಷರದ ಗಾತ್ರವನ್ನು ಹಿಗ್ಗಿಸಿ, ‘ಪ್ರೀತಿಯ ಅಜ್ಜಿಗೆ’ ಎಂಬ ಸಂಬೋಧನೆ, ಎರಡು ಸಾಲಿನ ಒಕ್ಕಣೆ, ಕೆಳಗೊಂದು ಹೆಸರು, ಇಷ್ಟಕ್ಕೇ ಮೊದಲ ಪತ್ರವನ್ನು ನಿಲ್ಲಿಸಿ, ತಪ್ಪುಗಳನ್ನು ಮಗುವೇ ಅಳಿಸಿ ತಿದ್ದಲು ಬಿಟ್ಟು, ಮುದ್ರಿಸಿದ ಹಾಳೆಯನ್ನು ಅದರ ಕೈಯಿಂದಲೇ ಅಂಚೆಪೆಟ್ಟಿಗೆಗೆ ಹಾಕಿಸಬೇಕು.